ಪಥ್ಯ ಬಿಟ್ಟ ದಿನ

ಎರಡು ವರ್ಷದ ಪಥ್ಯ ಮುಗಿಯಿತೆಂದು ಶ್ರೀಕಂಠಯ್ಯ ಭಾನುವಾರ ನೆಂಟರನ್ನೆಲ್ಲ ಮನೆಗೆ ಕರೆದರು. ಒಬ್ಬೊಬ್ಬರೂ ಕರಿಯಲು ಏನಾದರೂ ಹೊಸದು ತರಬೇಕೆಂದು ಷರತ್ತು ಹಾಕಿದ್ದರು. ಹಲಸಿನ ತೊಳೆ, ವೀಳ್ಯದೆಲೆ, ಮೈಸೂರು ಪಾಕು, ಕಡೆಗೆ ಐಸ್‌ಕ್ರೀಮೂ ಹಿಟ್ಟಿನಲ್ಲಿ ಮುಳುಗಿ ಬಾಣಲೆಗೆ ಬಿದ್ದವು. ಐಸ್‌ಕ್ರೀಮು ಸಿಡಿದಾಗ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಇನ್ನೊಂದು ಹಾಕೇ ಅಂಬುಜಾ, ಡಾಕ್ಟ್ರೇ ತಿನ್ನಿ ಅಂದಿದಾರೆ!"

ಹೆಂಡತಿ ಎರಡು ಹಾಕಿದಳು. ಅವರು ತಟ್ಟೆ ಹಿಡಿದು ಹಜಾರಕ್ಕೆ ಹೋದ ಮೇಲೆ ನಾದಿನಿ ಅವಳ ಕೈ ಹಿಡಿದುಕೊಂಡಳು.

"ದೇವರು ದೊಡ್ಡವನು ಅತ್ತಿಗೆ. ಅಣ್ಣಂಗೆ ಪೂರ್ತಿ ವಾಸಿಯಾಯ್ತು, ಅಲ್ವಾ?"

ಅಂಬುಜಾ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಡಾಕ್ಟ್ರು ನನ್ನೊಬ್ಬಳನ್ನೇ ಒಳಗೆ ಕರೆದ್ರು. ಇನ್ಮೇಲೆ ಅವರು ಆಸೆಪಟ್ಟಿದ್ದೆಲ್ಲ ಕೊಟ್ಟುಬಿಡೀಮ್ಮಾ ಅಂದ್ರು."