ಎಮ್ಮೆ ಕಡೆ ತಿರುಗಿಸಿಟ್ಟ ಕನ್ನಡಕ

ಕಂಡದ್ದನ್ನೆಲ್ಲ ಕನ್ನಡಕಗಳು ನೆನಪಿಟ್ಟುಕೊಳ್ಳುವ ಕಾಲ ಅದು. ಆಮೇಲೆ ಯಾರು ಹಾಕಿಕೊಂಡರೂ ಅದೆಲ್ಲ ಕಾಣುತ್ತಿತ್ತು. ಹಾಗಾಗಿ ಹದಿನೈದರ ಚೆಲುವಿ, ಬೋರ್ಡಿನ ಅಕ್ಷರ ಮಸುಕಾಗಿದ್ದರೂ, ಹೊಸ ಕನ್ನಡಕವನ್ನು ಜಪ್ಪಯ್ಯ ಅಂದರೂ ಮುಟ್ಟಲಿಲ್ಲ.

"ಒರೆಸಿಕೊಡ್ತೀನಿ ಅಂತ ಇಸ್ಕೊಂಡು, ನಾನು ನೋಡಿದ್ದೆಲ್ಲ ನೀನು ನೋಡ್ತೀಯ, ಅವ್ವ."

ಅವ್ವ ತನ್ನ ಕನ್ನಡಕವನ್ನೇ ತೆಗೆದುಕೊಟ್ಟಳು. "ಮೊದಲು ನನ್ನದು ನೋಡೇ, ಅನುಮಾನದ ಗಂಟೇ."

ಚೆಲುವಿ ಹಾಕಿಕೊಂಡಳು. ಬರೀ ಎಮ್ಮೆಯ ಬೆನ್ನು ಕಂಡಿತು. "ಬೆಳಿಗ್ಗೆ ಸಂತೆಗೆ ಹೋಗಿದ್ದೆಯಲ್ಲ, ಸಂತೆ ಎಲ್ಲಿ?"

ಅವ್ವ ದನಿ ತಗ್ಗಿಸಿದಳು. "ಅರ್ಧ ಗಂಟೆ ಎಮ್ಮೆ ಕಡೆ ತಿರುಗಿಸಿಡು. ಹಿಂದಿನದೆಲ್ಲ ಅಳಿಸಿಹೋಗುತ್ತೆ. ನಿಮ್ಮಪ್ಪನಿಗೆ ಹೇಳಬೇಡ ಮತ್ತೆ."

ಅವ್ವ ಕೊಟ್ಟಿಗೆಗೆ ಹೋದ ಮೇಲೆ ಚೆಲುವಿ ಹೊಸ ಕನ್ನಡಕ ಏರಿಸಿಕೊಂಡಳು. ಎಮ್ಮೆಗೆ ಹುಲ್ಲು ಹಾಕುತ್ತಿದ್ದ ಅವ್ವನ ಮುಖ ಜಗಲಿಯಿಂದಲೇ ಸ್ಪಷ್ಟವಾಗಿ ಕಂಡಿತು. ಅವ್ವ ಒಬ್ಬಳೇ ನಗುತ್ತಿದ್ದಳು.

ಸಂತೆಯಲ್ಲಿ ಅಂಥಾದ್ದೇನು ನೋಡಿ ಬಂದಳೋ!