ಹೊಲಿಗೆಯ ನಡುವೆ

"ಈಗ ನಿಧಾನಕ್ಕೆ ಎದ್ದು ಕೂತ್ಕೊಳ್ಳಿ," ಎಂದರು ಡಾಕ್ಟರಮ್ಮ.

ಆಪರೇಷನ್ ಅರ್ಧವಷ್ಟೇ ಮುಗಿದಿತ್ತು. ಎರಡೂ ಕಣ್ಣಿನ ಮೇಲ್‌ರೆಪ್ಪೆಗಳನ್ನು ಮಡಿಕೆಯ ಗೆರೆಗುಂಟ ಕೊಯ್ದಿದ್ದರು; ಒಳಗಿನ ಸ್ನಾಯುವಿಗೆ ಹಾಕಿ, ರೆಪ್ಪೆ ಎತ್ತಿ ನಿಲ್ಲಿಸಲು ಸದ್ಯಕ್ಕೆ ಜಾರುಗಂಟು ಬಿಗಿದ ದಾರಗಳ ತುದಿ ಅವಳ ಕೆನ್ನೆಯ ಮೇಲೆ ಇಳಿಬಿದ್ದಿತ್ತು. ಹೀಗೆ ನಡುವೆ ಎಬ್ಬಿಸಿ ಕೂರಿಸುತ್ತೇವೆ ಎಂದು ಮೊದಲೇ ಹೇಳಿದ್ದರು, ಅವಳು ತಲೆಯಾಡಿಸಿಯೂ ಇದ್ದಳು. ಆದರೆ ಕೇಳಿ ತಲೆಯಾಡಿಸುವುದು ಬೇರೆ, ಕೊಯ್ದ ಕಣ್ಣು ಹೊತ್ತು ಮೇಜಿನ ಮೇಲೆ ಎದ್ದು ಕೂರುವುದು ಬೇರೆ. ಸಿಸ್ಟರ್ ಬೆನ್ನಿಗೆ ಕೈಕೊಟ್ಟಳು. ನೋವೇನೂ ಇರಲಿಲ್ಲ. ಮರಗಟ್ಟಿಸುವ ಸೂಜಿ ಚುಚ್ಚಿದಾಗ ಚುರ್ರೆಂದು ಉರಿದಿತ್ತು, ಅಷ್ಟೆ.

ಮೇಜಿನ ಮೇಲಿದ್ದ ಅವಳು ಗೋದಾಮಿನಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಗಾಡಿ ಓಡಿಸುವವಳು. ವರ್ಷಗಳು ಕಳೆದಂತೆ ರೆಪ್ಪೆಗಳು ಜೋತು, ಕಣ್ಣಿನ ಅರ್ಧಕ್ಕೆ ಪರದೆ ಎಳೆದಂತಾಗಿತ್ತು. ಗದ್ದ ಮೇಲೆತ್ತಿ, ಹುಬ್ಬು ಏರಿಸಿ, ಉಳಿದ ಸಂದಿಯಲ್ಲಿ ನೋಡುತ್ತಿದ್ದಳು. "ಏನು ಜಂಬಾನಪ್ಪಾ, ಮೂಗು ಮುಗಿಲಲ್ಲೇ ಇರುತ್ತೆ," ಎಂದು ಹೊಸಬರು ಆಡಿಕೊಳ್ಳುತ್ತಿದ್ದರು. ಈಚೆಗೆ ಮೇಲಿನ ಅಟ್ಟಣೆಗೆ ಸರಕು ಏರಿಸುವಾಗ ಕಂಬಕ್ಕೆ ತಗುಲಿಸಿಬಿಟ್ಟಳು. ಯಾರಿಗೂ ಪೆಟ್ಟಾಗಲಿಲ್ಲ. ಆದರೂ ಸೂಪರ್‌ವೈಸರ್ ಗಾಡಿಯ ಕೀಲಿ ಇಸಿದುಕೊಂಡ. "ಕಣ್ಣು ಸರಿ ಮಾಡಿಸ್ಕೊಂಡು ಬನ್ನಿ ಅಕ್ಕಾ, ಆಮೇಲೆ ನೋಡೋಣ."

ಹೊರಗೆ ಕಾಯುತ್ತಿದ್ದ ತಂಗಿಯ ಆಸೆಯೇ ಬೇರೆ. "ಹೆಂಗೂ ಕೊಯ್ತಾರಲ್ಲಕ್ಕಾ, ಕಣ್ಣ ಕೆಳಗೆ ಊದಿ ಜೋತಿರೋ ಚೀಲಾನೂ ತೆಗೆಸ್ಕೊಂಡುಬಿಡು. ಭಾವ ಗುರುತೇ ಹಿಡೀಬಾರ್ದು," ಎಂದಿದ್ದಳು.

"ಗುರುತು ಹಿಡೀದೆ ಬಾಗಿಲು ತೆಗೀದಿದ್ರೆ ನಿನ್ನ ಮನೇಗೇ ಬಂದು ಕೂರ್ತೀನಿ ನೋಡು," ಎಂದು ಇವಳು ಒಳಗೆ ಬಂದಿದ್ದಳು. ಅವಳಿಗೆ ಬೇಕಾಗಿದ್ದದ್ದು ಚೆಂದವಲ್ಲ, ಕೀಲಿ.

"ನೇರ ನನ್ನನ್ನೇ ನೋಡಿ. ಹಣೆ ಸಡಿಲ ಬಿಡಿ."

"ಬಿಟ್ಟಿದೀನಿ ಡಾಕ್ಟ್ರೇ."

"ಇಲ್ಲ, ಹುಬ್ಬು ಇನ್ನೂ ಕೆಲಸ ಮಾಡ್ತಿದೆ." ಡಾಕ್ಟರಮ್ಮ ಅವಳ ಹಣೆಯ ಗೆರೆಗಳ ಮೇಲೆ ಬೆರಳಿಟ್ಟರು. "ಹುಬ್ಬು ಎತ್ತಿರೋವಾಗ ಅಳತೆ ನೋಡಿ ಗಂಟು ಹಾಕಿದ್ರೆ, ನಾಳೆ ಹುಬ್ಬು ಇಳಿದಾಗ ರೆಪ್ಪೇನೂ ಇಳಿಯುತ್ತೆ. ಹಾಗಂತ ಜಾಸ್ತಿ ಎಳೆದು ಕಟ್ಟಿದ್ರೆ ಕಣ್ಣು ಮುಚ್ಚೋದೇ ಇಲ್ಲ. ಎಷ್ಟು ಎತ್ತರಕ್ಕೆ ಕಟ್ಟಬೇಕು ಅನ್ನೋದು ನನ್ನ ಕೈಲಿಲ್ಲ, ನಿಮ್ಮ ನೋಟದಲ್ಲಿದೆ. ಸುಮ್ನೆ ಹೇಗೆ ನೋಡ್ತೀರೋ ಹಾಗೆ ನೋಡಿ."

ಹೇಗೆ ನೋಡುತ್ತೇನೋ ಹಾಗೆ! ಅದನ್ನೇ ಅವಳು ಎಂದೋ ಮರೆತಿದ್ದಳು. ಬಿಡು ಬಿಡು ಎಂದಷ್ಟೂ ಹಣೆ ಬಿಗಿಯಿತು. ಡಾಕ್ಟರು ಎಲ್ಲ ಸರಿಯಾಗಿಯೇ ಮಾಡಿ, ಕೊನೆಗೆ ತನ್ನಿಂದಲೇ ಕೆಡುತ್ತದೇನೋ, ಗಾಡಿ ಕೈಬಿಟ್ಟು ಹೋಗುತ್ತದೇನೋ ಎಂದು ದಿಗಿಲಾಯಿತು. ದಿಗಿಲಿಗೆ ಹುಬ್ಬು ಇನ್ನೂ ಒಂದು ಮೆಟ್ಟಿಲು ಹತ್ತಿತು.

"ಇವ್ರ ಹಣೇಲಿ ಬರೆದಿರೋದು ಅಷ್ಟು ಸುಲಭಕ್ಕೆ ಅಳಿಸಲ್ಲ ಮೇಡಂ," ಎಂದಳು ಸಿಸ್ಟರ್.

ಡಾಕ್ಟರಮ್ಮ ನಗಲಿಲ್ಲ, ಅವಸರಿಸಲೂ ಇಲ್ಲ. ಹತ್ತಿರ ಸರಿದು, ಮುಖಕ್ಕೆ ಮುಖ ಕೊಟ್ಟು ಸುಮ್ಮನೆ ನಿಂತರು. ಮಾಸ್ಕಿನ ಮೇಲೆ ಎರಡು ಕಣ್ಣು, ಅದರ ಮೇಲೆ ಹುಬ್ಬು, ಹಣೆ, ಟೋಪಿಯ ಅಂಚು, ಅಂಚಿನಿಂದ ತಪ್ಪಿಸಿಕೊಂಡ ಒಂದು ಬಿಳಿ ಕೂದಲು. ಇಷ್ಟು ಹತ್ತಿರದ ಮುಖವೊಂದನ್ನು ಗದ್ದ ಎತ್ತದೆ ಇಡಿಯಾಗಿ ನೋಡಿ ಎಷ್ಟು ಕಾಲವಾಗಿತ್ತೋ! ಗಂಡನ ಮುಖವೂ ಅವಳಿಗೆ ಸಲೀಸಾಗಿ ಕಾಣುತ್ತಿದ್ದದ್ದು ಮೂಗಿನಿಂದ ಕೆಳಗೆ ಮಾತ್ರ. ಮುಖವೆಂದರೆ ಇಷ್ಟೊಂದು ಇರುತ್ತದೆಯೇ ಎಂದು ನೋಡಿದಳು. ನೋಡುತ್ತ ನೋಡುತ್ತ ಹಣೆಯ ಯೋಚನೆಯೇ ತಪ್ಪಿಹೋಯಿತು.

"ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ... ನಿಮ್ಮ ಎಡಗಣ್ಣಿನ ರೆಪ್ಪೆ ಒಂಚೂರು ಕೆಳಗಿದೆ."

ಸಿಸ್ಟರ್ ಹಿಡಿದಿದ್ದ ತಟ್ಟೆ ಗಾಳಿಯಲ್ಲೇ ನಿಂತಿತು. ಅವಳೂ ಬಗ್ಗಿ ನೋಡಿದಳು. "ಅಯ್ಯೋ, ಹೌದಲ್ವಾ! ಇಷ್ಟು ವರ್ಷ ಜೊತೇಲಿದೀನಿ, ಗಮನಿಸೇ ಇಲ್ಲ."

"ಯಾರದೂ ಸರಿಸಮ ಇರಲ್ಲ ಕಣ್ರೀ," ಎಂದರು ಡಾಕ್ಟರಮ್ಮ ಮೆಲ್ಲಗೆ. "ಈಗ ಮಾತಾಡ್ಬೇಡಿ. ಹಣೆ ಬಿಟ್ಟಿದೀರಿ. ಹಾಗೇ ಇರಿ."

ಅವಳ ಬಲರೆಪ್ಪೆ ಕೂದಲೆಳೆಯಷ್ಟು ಮೇಲಾಗಬೇಕಿತ್ತು. ಮಲಗಿಸಿ, ದಾರ ಹೊಂದಿಸಿ, ಮತ್ತೆ ಎಬ್ಬಿಸಿ ಕೂರಿಸಿದರು. ಈ ಸಲ ಹಣೆ ತಾನಾಗಿಯೇ ಸಡಿಲವಾಗಿತ್ತು.

"ಆಯ್ತು, ಇದೇ ನಿಮ್ಮ ನೋಟ. ಮಲಗಿ, ಗಂಟು ಹಾಕಿ ಹೊಲಿದುಬಿಡ್ತೀನಿ. ಒಂದೆರಡು ವಾರ ಜಗಳ ಆಡ್ಕೊಂಡು ಬಂದೋರ ಥರ ಕಣ್ಣು ಊದಿ ನೀಲಿಗಟ್ಟಿರುತ್ತೆ. ನಿದ್ದೇಲಿ ಪೂರ್ತಿ ಮುಚ್ಚದೇನೂ ಇರಬಹುದು, ಹೆದರ್ಬೇಡಿ, ಹೇಳಿದ ಹಾಗೆ ಡ್ರಾಪ್ಸ್ ಹಾಕ್ಕೊಳ್ಳಿ. ಊತ ಇಳಿದ ಮೇಲೆ ನಿಮ್ಮ ಗೋದಾಮಿನವರು ಬೇಕಾದ ಪರೀಕ್ಷೆ ಮಾಡ್ಲಿ. ಕೀಲಿ ಕೊಡ್ತಾರೆ ಅಂತ ನನಗನ್ಸುತ್ತೆ."

ಅವಳು ಮಲಗಲಿಲ್ಲ.

"ಒಂದೇ ನಿಮಿಷ ಹೀಗೇ ಕೂತಿರ್ಲಾ ಡಾಕ್ಟ್ರೇ?"

"ಯಾಕೆ, ತಲೆ ಸುತ್ತುತ್ತಾ?"

"ಇಲ್ಲ. ಆ ಮೂಲೆ ನೋಡ್ತಿದೀನಿ."

ಗದ್ದ ಎತ್ತಿರಲಿಲ್ಲ, ಹುಬ್ಬು ಕದಲಿರಲಿಲ್ಲ. ಕಣ್ಣುಗಳಷ್ಟೇ ಮೇಲಕ್ಕೆ ಹೋಗಿದ್ದವು. ಡಾಕ್ಟರಮ್ಮ ಸೂಜಿ ಕೆಳಗಿಟ್ಟು ತಿರುಗಿ ನೋಡಿದರು. ಸಿಸ್ಟರೂ ನೋಡಿದಳು. ಎರಡು ಗೋಡೆಗಳು ಹೋಗಿ ಛಾವಣಿಯನ್ನು ಸೇರುವ ಜಾಗ. ಅಲ್ಲಿ ಬಿಳಿ ಬಣ್ಣ ಬಿಟ್ಟರೆ ಏನೂ ಇರಲಿಲ್ಲ. ಆದರೂ ಸ್ವಲ್ಪ ಹೊತ್ತು ಮೂವರಲ್ಲಿ ಯಾರೂ ಕಣ್ಣು ಕೀಳಲಿಲ್ಲ.