ಹಂಚಿನ ಕಿವಿ

“ಮೊದಲ ಮನಿ ನೋಡಬೇಕ್ರಿ. ಗಟ್ಟಿ ಇದ್ದರ ಅಷ್ಟ ಒಪ್ಗೋತೇವಿ,” ಎಂದು ವಿಮಾ ಕಂಪನಿಯ ಉದಯಕುಮಾರ ಅಂಗಳದಲ್ಲೇ ನಿಂತು ಹೇಳಿದ. ತೇರಗಾಂವದ ಈ ಹಂಚಿನ ಮನೆಯನ್ನು ಎರಡು ಕಂಪನಿಗಳು ನೋಡದೆಯೇ ಬೇಡವೆಂದಿದ್ದವು. ಅವನ ಫೋನಿನಲ್ಲಿದ್ದ ಕಂಪನಿಯ ಅರ್ಜಿಯೂ ಅದೇ ರಾಗ ಹಾಡುತ್ತಿತ್ತು: ಜಿಲ್ಲೆ ಉತ್ತರ ಕನ್ನಡ, ಕರಾವಳಿ, ಬಿರುಗಾಳಿಯ ಅಪಾಯ.

“ಕರಾವಳಿ ಎಲ್ಲೈತ್ರಿ ಇಲ್ಲಿ? ನಾ ಇನ್ನೂ ಸಮುದ್ರಾನ ನೋಡಿಲ್ಲ,” ಎಂದಳು ಮನೆಯೊಡತಿ ಮಾಲವ್ವ. “ಗಾಳಿ ಬರ್ತೈತಿ, ಖರೆ. ಹೋದ ವರ್ಷ ಓಣ್ಯಾಗಿನ ತಗಡೆಲ್ಲಾ ಹಾರಿದ್ವು. ನಮ್ಮದೊಂದು ಹಂಚು ಅಳ್ಳಾಡಲಿಲ್ಲ.”

“ಮತ್ತ ವಿಮಾ ಯಾಕ ಬೇಕ್ರಿ?”

“ಮನಿ ಕಟ್ಟಿದಾಕಿ ನಾನು. ಅದರ ಮ್ಯಾಲ ವಾಲಿದ ಬಾಜೂದವರ ಹುಣಸೀಗಿಡ ನೆಟ್ಟಾಕಿ ನಾನಲ್ಲಲ್ಲ!”

ಮನೆ ಕಟ್ಟಿದ್ದು ನಾನೇ ಎನ್ನದ ಮಾಲೀಕರು ಎಲ್ಲಿದ್ದಾರೆ? ಉದಯಕುಮಾರ ಆ ಮಾತನ್ನು ಮನಸ್ಸಿಗೇ ಹಚ್ಚಿಕೊಳ್ಳದೆ ಅವಳ ಗಂಡ ದುರ್ಗಪ್ಪನ ಕಡೆ ತಿರುಗಿದ. “ಗುತ್ತಿಗೆದಾರರ ಹೆಸರು ಹೇಳ್ರಿ.”

ದುರ್ಗಪ್ಪ ದಾಂಡೇಲಿಯ ಕಾಗದ ಕಾರ್ಖಾನೆಯ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದ. “ಆಕೀನ ಕಟ್ಯಾಳ್ರಿ. ಹದಿನೈದು ವರ್ಷ ಗೌಂಡಿಗಳ ಕೈಯಾಗ ಗಾರೆ ಹೊತ್ತು ಕೆಲಸ ಕಲತಾಳ. ರಜಾ ದಿನ ನಾ ಆಕಿ ಆಳು. ಇಟ್ಟಂಗಿ ಸೊಟ್ಟ ಇಟ್ಟು ಬೈಸ್ಕೊಂಡೇನಿ,” ಎಂದು ಎದೆಯುಬ್ಬಿಸಿ ಹೇಳಿದ.

ಉದಯಕುಮಾರ ದನಿ ತಗ್ಗಿಸಿದ. “ಯಾರರೆ ಒಬ್ಬ ಗುತ್ತಿಗೆದಾರನ ಹೆಸರು ಹಾಕೂಣು. ಹೆಣ್ಣಮಗಳು ಕಟ್ಟಿದ್ದು ಅಂದರ ಮ್ಯಾಲಿನವರು ಅರ್ಜಿ ತಿರುಗಿ ಕಳಸ್ತಾರ.”

ಮಾಲವ್ವನಿಗೆ ಉರಿದುಹೋಯಿತು. ಇನ್ನು ಕೇಳಲು ಬೇರೆ ಕಂಪನಿ ಉಳಿದಿಲ್ಲವೆಂದು ಗೊತ್ತಿದ್ದೂ, “ಹಂಗಿದ್ದರ ವಿಮಾ ಬ್ಯಾಡ್ರಿ. ಗಿಡ ಬಿದ್ದರ ಮತ್ತ ಕಟ್ಟತೇನಿ. ನನ್ನ ಮನೀಗೆ ಮತ್ತೊಬ್ಬರ ಹೆಸರು ಹಚ್ಚಾಂಗಿಲ್ಲ,” ಎಂದಳು. ಏಣಿ ತಂದು ಗೋಡೆಗೆ ಆನಿಸಿದಳು. “ಬಂದೀರಿ, ನೋಡಿಯರೆ ಹೋಗ್ರಿ.”

ಉದಯಕುಮಾರ ಏರಿ, ಅಂಚಿನ ಹಂಚೊಂದನ್ನು ಎತ್ತಲು ನೋಡಿದ. ಬರಲಿಲ್ಲ. ಅದರ ಪಕ್ಕದ್ದೂ ಬರಲಿಲ್ಲ.

“ಹಂಚಿಗೆ ಕಿವಿ ಇರ್ತಾವ್ರಿ,” ಮಾಲವ್ವ ಕೆಳಗಿನಿಂದ ಕೂಗಿದಳು. “ಒಳಮಗ್ಗಲಕ ಸಣ್ಣ ತೂತು. ಎಲ್ಲಾರೂ ಖಾಲಿ ಬಿಡ್ತಾರ. ನಾ ಒಂದೊಂದಕ್ಕೂ ತಂತಿ ಪೋಣಿಸಿ ಕೆಳಗಿನ ಕಟ್ಟಿಗಿ ಪಟ್ಟಿಗೆ ಬಿಗದೇನಿ.”

ಒಳಗೆ ಬಂದು ತಲೆಯೆತ್ತಿದರೆ ಸೂರಿನ ತುಂಬ ತಂತಿಯ ಗಂಟುಗಳು. ಒಂಬತ್ತು ವರ್ಷ ಹಂಚಿನ ಮನೆಗಳನ್ನು ತಪಾಸಣೆ ಮಾಡಿದವನು ಆ ಕಿವಿಯನ್ನು ಕಂಡದ್ದು ಅಂದೇ. ನಾಚಿಕೆಯಾಯಿತು. ಗಂಟುಗಳ ಫೋಟೋ ತೆಗೆದು, ಫೋನಿನಲ್ಲಿ ಬರೆದ: ‘ಕಟ್ಟಿದವರು, ಮಾಲವ್ವ ದುರ್ಗಪ್ಪ, ಗೌಂಡಿ.’

“ಮ್ಯಾಲಿನವರು ಕೇಳಿದರ ನಾ ಉತ್ತರ ಕೊಡ್ತೇನ್ರಿ.”

ಮೇಲಿನವರು ಕೇಳಿದರು; ಅವನು ಫೋನಿನಲ್ಲೇ ಕಿವಿಯ ಪಾಠ ಮಾಡಿದ. ಚಹಾ ಮುಗಿಯುವಷ್ಟರಲ್ಲಿ ಅರ್ಜಿ ಮಂಜೂರಾಯಿತು. ಬೈಕ್ ಹತ್ತಿದವನು ಮತ್ತೆ ಇಳಿದು ಬಂದ.

“ಅಕ್ಕಾರ, ಬಂಗೂರನಗರದಾಗ ನಮ್ಮದೂ ಹಂಚಿನ ಮನಿ ಐತಿ. ಮಳಿಗಾಲ ಬರೂದರೊಳಗ ಹಂಚಿಗೆ ತಂತಿ ಕಟ್ಟಿ ಕೊಡ್ತೀರೇನು?”

ಮಾಲವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಮೊದಲ ಮನಿ ನೋಡಬೇಕ್ರಿ. ಗಟ್ಟಿ ಇದ್ದರ ಅಷ್ಟ ಒಪ್ಗೋತೇನಿ.”